ಸುಣ್ಣ ತಿಂದ ಬ್ರಷ್ಷು

ಬಸಲಿಂಗ, ನಿನ್ನ ಬಲಗಣ್ಣು ಕಳೆದವನು ನಾನು. ಸುಣ್ಣದ ಡಬ್ಬಿ ಹಲಗೆಯ ಮೇಲಿಂದ ತಾನಾಗಿ ಉರುಳಲಿಲ್ಲ — ನಾನೇ ಎತ್ತಿ ನಿನ್ನ ಮುಖಕ್ಕೆ ಎರಚಿದೆ. ಇದು ನಿನಗೆ ಗೊತ್ತು, ನನಗೆ ಗೊತ್ತು. ನನ್ನ ಹೆಂಡತಿಗೆ, ನಿನ್ನ ಒಡಹುಟ್ಟಿದ ಅಕ್ಕನಿಗೆ, ಇವತ್ತಿಗೂ ಗೊತ್ತಿಲ್ಲ.

ಕಾಲುವೆ ನೀರು ಬಂದು ಭತ್ತ ಬೆಳೆದ ಮೇಲೆ ದೇವಾಪುರದ ಕಡೆ ಸಿಮೆಂಟಿನ ಮನೆಗಳು ಎದ್ದವು. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಸುಣ್ಣ-ಬಣ್ಣ ಹಚ್ಚುವ ಕೆಲಸದಲ್ಲಿ, ಸುರಪುರದಲ್ಲಿ ನನ್ನಷ್ಟು ನೇರ ಅಂಚು ಎಳೆಯುವ ಕೈ ಇರಲಿಲ್ಲ. ಸೊಕ್ಕು — ಇತ್ತು, ಇಲ್ಲವೆನ್ನಲಾರೆ. ಅಪ್ಪ ಪುಂಡಿನಾರು ಬಡಿದು ಕುಂಚ ಕಟ್ಟುತ್ತಿದ್ದ. ಹಿಂದಿನ ದಿನವೇ ಸುಣ್ಣದ ನೀರಲ್ಲಿ ನೆನೆಸಿಟ್ಟರೆ ನಾರು ಮೆತ್ತಗಾಗುತ್ತದೆ ಎಂದು ಕಲಿಸಿದ್ದ. ದೇವಾಪುರದ ಸಾಹುಕಾರರೊಬ್ಬರ ಹೊಸ ಮನೆಯ ಬಾಗಿಲಿನ ಎಣ್ಣೆ ಬಣ್ಣಕ್ಕೆಂದು ತಂದ ಹಂದಿಕೂದಲಿನ ಬ್ರಷ್ಷುಗಳನ್ನೂ ನಾನು ಹಾಗೆಯೇ ನೆನೆಸಿಟ್ಟೆ.

ಮರುದಿನ ತಲೆಬಾಗಿಲ ತುಂಬ ಕೂದಲು ಅಂಟಿತು. ಒಂದು ಕಿತ್ತರೆ ಮತ್ತಷ್ಟು ಉದುರಿದವು. ಬಾಗಿಲಿಗೆ ಬಣ್ಣ ಹಚ್ಚಾಕತ್ತೀಯೋ, ಹಜಾಮತಿ ಮಾಡಾಕತ್ತೀಯೋ ಎಂದು ಸಾಹುಕಾರ ಕಟ್ಟೆಯ ಮೇಲಿಂದಲೇ ಕೇಳಿದ. ನಾನು ಬ್ರಷ್ಷು ಮಾರಿದವನನ್ನು ಬೈದೆ. ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ನೀನು, ಒಳಗೆ ಸಿಮೆಂಟು ಗಿಲಾಯದ ಒರಟು ಗೋಡೆಗೆ ಉದ್ದ ನೂಲೆಳೆಯ ರೋಲರ್ ಎಳೆಯುತ್ತಿದ್ದವನು, ಹೊರಗೆ ಬಂದೆ. ಬ್ರಷ್ಷು ಮೂಸಿದೆ, ಹೆಬ್ಬೆರಳಲ್ಲಿ ತಿಕ್ಕಿದೆ.

"ಮಾವಾ, ಅಂಗಡ್ಯಾವಂದೇನ್ ತಪ್ಪಿಲ್ರಿ. ನೀವ ಸುಣ್ಣದಾಗ ನೆನಸೀರಿ. ನಾರಾದ್ರ ತಡೀತದ, ಕೂದಲಾದ್ರ ಸುಣ್ಣ ತಿಂತದ್ರಿ."

ನಿನ್ನ ದನಿಯಲ್ಲಿ ಕುಹಕವಿರಲಿಲ್ಲ. ಸಾಹುಕಾರ ನಕ್ಕು ಒಳಗೆ ಎದ್ದುಹೋದ. ನಕ್ಕವನು ಅವನು — ಕೈಗೆ ಸಿಕ್ಕವನು ನೀನು. ರೋಲರಿನ ಕಬ್ಬಿಣದ ಕೋಲು ಕಸಿದು ಹೆಗಲಿಗೆ ಹೊಡೆದೆ. ನೀನು ಅಡ್ಡ ಹಿಡಿದ ಬೆರಳುಗಳ ಮೇಲೆ ಮತ್ತೆ ಹೊಡೆದೆ. ಎಲುಬು ಮುರಿದದ್ದು ಕೋಲಿನೊಳಗಿಂದ ನನ್ನ ಅಂಗೈಗೆ ತಿಳಿಯಿತು. ಅಲ್ಲಿಗೇ ನಿಂತಿದ್ದರೆ — ನಿಲ್ಲಲಿಲ್ಲ. ಕಂಪೌಂಡಿಗೆಂದು ಅರಳಿಸಿದ ಸುಣ್ಣ ಇನ್ನೂ ಬಿಸಿಯಾಗಿತ್ತು.

ಬಲಿಗೆ ಎಳೆದ ಪ್ರಾಣಿಯ ಹಾಗೆ ನೀನು ಚೀರಿದೆ. ಮುಖ ಪರಚಿಕೊಳ್ಳುತ್ತ, ತೆವಳುತ್ತ, ನೀನೇ ಹೌದಿ ಹುಡುಕಿ ನೀರಲ್ಲಿ ತಲೆ ಅದ್ದಿದೆ. ನಾನು ಒಂದು ಚೊಂಬು ನೀರು ಎರೆಯಲಿಲ್ಲ. ಕೋಲು ಹಿಡಿದು ನಿಂತೇ ಇದ್ದೆ.

ದವಾಖಾನೆಯಲ್ಲಿ, ಹಲಗೆಯಿಂದ ಬಿದ್ದು ನಿನ್ನ ಬೆರಳು ಮುರಿದವು, ಸುಣ್ಣದ ಡಬ್ಬಿ ಮುಖದ ಮೇಲೆ ಉರುಳಿತು ಎಂದೆ. ನಿನ್ನ ಅಕ್ಕ ಎದೆ ಬಡಿದುಕೊಂಡು ಬಂದಾಗ ನೀನು ಪಟ್ಟಿ ಕಟ್ಟಿದ ಮುಖ ಆಕೆಯ ಕಡೆ ತಿರುಗಿಸಿದೆ.

"ನಂದ ತಪ್ಪವ್ವಾ. ನೋಡಿ ನಿಂದ್ರಲಿಲ್ಲ ನಾ."

ಅವಳ ಸಂಸಾರ ಉಳಿಯಲೆಂದು ನೀನು ಹೇಳಿದ ಆ ಮಾತಿನ ನೆರಳಲ್ಲಿ ನಾನು ಇಷ್ಟು ವರ್ಷ ಉಂಡೆ, ಮಲಗಿದೆ, ಮೇಸ್ತ್ರಿ ಅನ್ನಿಸಿಕೊಂಡೆ.

ಈಗ ನೀನು ಸುರಪುರದಲ್ಲೇ ಅಂಗಡಿ ಇಟ್ಟು ಬ್ರಷ್ಷು, ರೋಲರ್ ಮಾರುತ್ತೀ. ಗೋಡೆ ನುಣುಪೋ ಒರಟೋ, ಹಚ್ಚುವುದು ಸುಣ್ಣವೋ ಎಣ್ಣೆ ಬಣ್ಣವೋ ಎಂದು ಕೇಳದೆ ಯಾರ ಕೈಗೂ ಕೊಡುವುದಿಲ್ಲವಂತೆ. ನಾನು ಮಾತ್ರ ಬ್ರಷ್ಷಿಗೆ ಶಹಾಪುರಕ್ಕೆ ಹೋಗುತ್ತೇನೆ. ಹಬ್ಬಕ್ಕೆ ನೀನು ಮನೆಗೆ ಬಂದರೆ ನಿನ್ನ ಬಲಕ್ಕೇ ಕೂರುತ್ತೇನೆ — ಕಾಣದ ಕಡೆ.

ನಾಳೆ ನಿನ್ನ ಅಕ್ಕನನ್ನು ಕರೆದುಕೊಂಡು ಅಂಗಡಿಗೆ ಬರುತ್ತೇನೆ. ನಿನ್ನ ಎಡಕ್ಕೆ ನಿಂತು ಎಲ್ಲ ಹೇಳುತ್ತೇನೆ. ಆಮೇಲೆ ಅವಳು ನನ್ನ ಜೊತೆ ಮನೆಗೆ ಬರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ನೀನು ಮಾತ್ರ, ಬಸಲಿಂಗ, ಈ ಸಲ ನನ್ನ ಪರವಾಗಿ ಸುಳ್ಳು ಹೇಳಬೇಡ.