ಭಾನುವಾರ ಫೋನ್ ಎಂಗೇಜ್

ತುಮಕೂರಿನ ಶಿರಾ ಗೇಟ್ ಹತ್ತಿರದ ನಮ್ಮ ಮನೆಗೆ ಇಂಟರ್ನೆಟ್ ಬಂದಾಗ ನಾನು ಡಿಗ್ರಿ ಓದುತ್ತಿದ್ದೆ. ಆಗ ಅದು ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ಮೋಡೆಮ್ ಕಿರುಚಾಡಿ ಕನೆಕ್ಟ್ ಆಯಿತೆಂದರೆ ಮುಗಿಯಿತು, ಹೊರಗಿನಿಂದ ಯಾರು ಫೋನ್ ಮಾಡಿದರೂ ಎಂಗೇಜ್. ಇದು ನನಗೆ ಗೊತ್ತಿತ್ತು. ಕಂಪ್ಯೂಟರೇ ಬೇರೆ, ಫೋನೇ ಬೇರೆ ಎಂದುಕೊಂಡಿದ್ದ ಅಮ್ಮನಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ಆಫ್ ಮಾಡು ಅನ್ನುತ್ತಿದ್ದಳು.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಹಾಗಲವಾಡಿಯಲ್ಲಿದ್ದಳು. ಅವರ ಮನೆಯಲ್ಲಿ ಫೋನಿರಲಿಲ್ಲ. ಭಾನುವಾರ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಊರಿನ ಅಂಗಡಿಗೆ ಬಂದು ಅಕ್ಕನಿಗೆ ಫೋನ್ ಮಾಡುವುದು ಅವಳ ರೂಢಿ. ಭಾನುವಾರ ಫೋನಿಗೆ ದರ ಕಡಿಮೆ. ಹಾಳಾದ್ದು, ಇಂಟರ್ನೆಟ್ಟಿಗೂ ಅವತ್ತೇ ಕಡಿಮೆ. ನಾನು ಮುಖ ಕಾಣದವರ ಜೊತೆ ಚಾಟ್ ಮಾಡುತ್ತ ಕೂತಿರುತ್ತಿದ್ದೆ.

ಆ ಬೇಸಿಗೆಯಲ್ಲಿ ಚಿಕ್ಕಮ್ಮನ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ನಮ್ಮ ಮನೆಯಲ್ಲಿದ್ದುಕೊಂಡು ತುಮಕೂರಿನಲ್ಲಿ ಕಾಲೇಜು ಓದಬೇಕೆಂದು ಅವಳಿಗೆ ಆಸೆ. ಅಕ್ಕನನ್ನು ಒಂದು ಮಾತು ಕೇಳೋಣವೆಂದು ಚಿಕ್ಕಮ್ಮ ಪ್ರತಿ ಭಾನುವಾರ ಅಂಗಡಿಯಲ್ಲಿ ನಿಂತಳು. ಪ್ರತಿ ಸಲವೂ ಎಂಗೇಜ್. ಹಿಂದೊಮ್ಮೆ ಅವಳು ನಮ್ಮಲ್ಲಿಗೆ ಬಂದಿದ್ದಾಗ, ತಲೆ ತಿನ್ನುವ ನೆಂಟರೊಬ್ಬರ ಕಾಟಕ್ಕೆ, ಎಂಗೇಜ್ ಬರಲೆಂದೇ ಅಮ್ಮ ರಿಸೀವರ್ ತೆಗೆದು ಪಕ್ಕಕ್ಕಿಟ್ಟಿದ್ದಳು. ಅಕ್ಕತಂಗಿ ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದರು. ಈಗ ತನಗೂ ಅದೇ ಮರ್ಯಾದೆ ಎಂದುಕೊಂಡ ಚಿಕ್ಕಮ್ಮ ಫೋನ್ ಮಾಡುವುದನ್ನೇ ಬಿಟ್ಟಳು.

ಇತ್ತ ನಡುಮನೆಯಲ್ಲಿ ಅಮ್ಮ, "ಇವ್ಳಿಗೆ ಅದೇನ್ ಕೊಬ್ಬು, ಒಂದ್ ಫೋನ್ ಮಾಡಕ್ಕಾಗಲ್ವಾ?" ಎಂದು ಗೊಣಗುತ್ತಿದ್ದಳು. ಅದು ಕೇಳಿಸಿಯೂ ನಾನು ಟೈಪ್ ಮಾಡುತ್ತಲೇ ಇದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹುಡುಗಿ ಕಾಲೇಜಿಗೆ ಹೋಗಲಿಲ್ಲ. ಕುಣಿಗಲ್ ಕಡೆಗೆ ಮದುವೆ ಮಾಡಿಕೊಟ್ಟರು. ಅಮ್ಮ, ಚಿಕ್ಕಮ್ಮ ಇಬ್ಬರೂ ಹಟಮಾರಿಗಳೇ, ಮದುವೆಯಲ್ಲೂ ಅಕ್ಕತಂಗಿಯ ಮಾತು 'ಊಟ ಆಯ್ತಾ' ದಾಟಲಿಲ್ಲ.

ಆ ಹುಡುಗಿಯ ಮಗುವಿನ ನಾಮಕರಣಕ್ಕೆ ಕುಣಿಗಲ್ಲಿಗೆ ಹೋದಾಗ ಚಿಕ್ಕಮ್ಮನ ಬಾಯಿಂದ ಅದು ಹೊರಬಂತು. "ನನ್ ಮಗ್ಳು ಓದೋ ಟೈಮಲ್ಲಿ ಫೋನ್ ತೆಗ್ದಿಟ್ಟೋಳು ನೀನು!"

"ಯಾವ ಫೋನೇ?" ಅಂದಳು ಅಮ್ಮ.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಚಿಕ್ಕಮ್ಮ ಕೈ ಝಾಡಿಸಿದಳು. "ಕಂಪ್ಯೂಟ್ರು ನೋಡುದ್ರೆ ಫೋನ್ ಹೆಂಗ್ ಬರಲ್ಲ? ನಿಮ್ಮಮ್ಮನ್ನ ಉಳಿಸ್ಕೊಳಕ್ಕೆ ಕತೆ ಕಟ್ಬ್ಯಾಡ ಬುಡವ್ವ."

ಅಮ್ಮ ಮಾತ್ರ ನಂಬಿದಳು. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ತಂಗಿಯ ಪಕ್ಕ ಹೋಗಿ ಕೂತಳು.

ಮಗುವನ್ನು ಎತ್ತಿಕೊಂಡಿದ್ದ ಹುಡುಗಿಯೂ ನಂಬಿದಳು. ನನ್ನ ಹತ್ತಿರ ಬಂದು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ಅಕ್ಕ, ಆಗ ಅದ್ರಲ್ಲಿ ಏನ್ ಮಾತಾಡ್ತಿದ್ರಿ?"

ಎಷ್ಟು ತಡಕಾಡಿದರೂ ಒಂದು ಮಾತೂ ನನಗೆ ನೆನಪಾಗಲಿಲ್ಲ.