ಬಾಳ್ಯಾನ ಹಗ್ಗ

ಸ್ವಾತಂತ್ರ್ಯ ಬರಲು ಇನ್ನೂ ಎರಡು-ಮೂರು ವರ್ಷವಿತ್ತು. ಇಚಲಕರಂಜಿಯ ಮಗ್ಗದ ಓಣಿಯಲ್ಲಿ ನಾನು ಶಿಶುವರ್ಗ ತೆರೆದಾಗ ಮೊದಲು ಬಂದವನು ಎರಡೂವರೆ ವರ್ಷದ ಬಾಳ್ಯಾ. ಅವನ ಸೊಂಟಕ್ಕೆ ಹಗ್ಗ ಕಟ್ಟಿತ್ತು. ತಾಯಿ ಗಂಗವ್ವ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವಾಕೆ. ಅಲ್ಲಿ ಕೂಸುಗಳನ್ನು ಕಂಬಕ್ಕೆ ಕಟ್ಟುವುದೇ ರೂಢಿ. ಬಿಟ್ಟರೆ ಯಂತ್ರದ ತಿರುಗುವ ಪಟ್ಟಿಗೆ ಕೈ ಹಾಕುತ್ತವೆ.

"ಅದೇನ್ ಆಕಳ ಕರಾ ಏನ? ಮೊದ್ಲ ಬಿಚ್ಚವಾ," ಎಂದು ಗದರಿದೆ. ಪುಣೆಯಲ್ಲಿ ತರಬೇತಿ ಮುಗಿಸಿ ಬಂದ ಬಿಸಿ ನನಗಿನ್ನೂ ಆರಿರಲಿಲ್ಲ.

"ನಿಮ್ಮ ಖುಷಿರಿ ಅಕ್ಕೋರ. ಆದ್ರ ಇದು ಬೇಕಾಗ್ತೈತಿ," ಎಂದ ಗಂಗವ್ವ ಹಗ್ಗ ಬಿಚ್ಚಿ ಅಲ್ಲೇ ಇಟ್ಟು ಹೋದಳು.

ನಾನು ಕಟ್ಟಿಗೆಯ ಆಟದ ಗಾಡಿಯನ್ನು ದೂಡಿದೆ. ಅದು ಗೋಡೆಯತ್ತ ಉರುಳಿತು. ಬಾಳ್ಯಾ ನಾಲ್ಕು ಹೆಜ್ಜೆ ಓಡಿದವನು ಗಕ್ಕನೆ ನಿಂತು ಅಳತೊಡಗಿದ. ಅವನನ್ನು ಯಾರೂ ಹಿಡಿದಿರಲಿಲ್ಲ. ಹಗ್ಗದ ಉದ್ದ ಅವನಿಗೆ ಬಾಯಿಪಾಠವಾಗಿತ್ತು. ಬೆಲ್ಲ ತೋರಿಸಿದರೂ ಆ ಜಾಗ ದಾಟಲಿಲ್ಲ.

ಕೊನೆಗೆ ನಾನೇ ಸೋತು, ಹಗ್ಗದ ಒಂದು ತುದಿಯನ್ನು ಗಾಡಿಗೆ ಕಟ್ಟಿ ಇನ್ನೊಂದನ್ನು ಅವನ ಕೈಗೆ ಕೊಟ್ಟೆ. ಅವನು ಜಗ್ಗಿದ, ಗಾಡಿ ಬಂತು. ಮಧ್ಯಾಹ್ನದ ಹೊತ್ತಿಗೆ ಅದನ್ನು ಎಳೆದುಕೊಂಡು ಅಂಗಳವೆಲ್ಲ ಸುತ್ತುತ್ತಿದ್ದ.

ಸಂಜೆ ಗಂಗವ್ವ ನೋಡಿ ನಕ್ಕಳು. "ಹಗ್ಗ ಬ್ಯಾಡ ಅಂದಿದ್ರಲ್ರೀ?"

"ಈಗ ಕಟ್ಟಿದ್ದು ಗಾಡಿಗೆ, ಅವಗಲ್ಲ," ಎಂದೆ.

ಅವಳು ಶೆಡ್ಡಿನಲ್ಲಿ ಏನು ಹೇಳಿದಳೋ, ಮರುದಿನ ಒಂಬತ್ತು ಮಕ್ಕಳು ಬಂದವು. ಒಂಬತ್ತರ ಕೈಯಲ್ಲೂ ಒಂದೊಂದು ಹಗ್ಗ. ನನ್ನ ಹತ್ತಿರ ಇದ್ದದ್ದು ಒಂದೇ ಗಾಡಿ.