ಜೀನ್ಸಿನ ಒಳಮೈಗೆ ಬರೆದದ್ದು

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವಳು ನಾನು. ಬಸ್ಸಿನ ಟೈರು, ಅಕ್ಕಿಯ ಹುಳ, ಪಕ್ಕದ ಮನೆಯವರ ಬಿಪಿ, ಎಲ್ಲಕ್ಕೂ ನನ್ನಲ್ಲಿ ಚಿಂತೆಯುಂಟು. ಗಂಡ ಹೊಡೆಯುವುದಕ್ಕೆ ಮಾತ್ರ ಚಿಂತಿಸಿರಲಿಲ್ಲ. ಅದಕ್ಕೆ ನಾನಿಟ್ಟಿದ್ದ ಹೆಸರು ‘ಅವರ ಸಿಟ್ಟು’.

ಆಂಧ್ರದ ಗಡಿಯ ಮಡಕಶಿರಾದಲ್ಲಿ ಕನ್ನಡ ಮೀಡಿಯಂ ಓದಿ, ಅದೇ ಸೀಮೆಯ ರಾಯದುರ್ಗದ ಜೀನ್ಸ್ ಹೊಲಿಯುವ ಮನೆಗೆ ಸೊಸೆಯಾಗಿ ಬಂದಿದ್ದೆ. ಕತ್ತರಿಸಿದ ತುಂಡುಗಳು ಅದಲುಬದಲಾಗದಂತೆ ಬಟ್ಟೆಯ ಒಳಮೈಗೆ ಸೀಮೆಸುಣ್ಣದಲ್ಲಿ ಸೈಜು ಬರೆಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಸೈಜಿನ ಕೆಳಗೆ ಕೈ ತಾನಾಗಿ ಬರೆಯಿತು: ‘ಇವತ್ತೂ ಹೊಡೆದ. ಸಾರು ಆರಿತ್ತು ಅಂತ.’

ನೀಲಿಯ ಮೇಲೆ ಆ ಬಿಳಿ ಅಕ್ಷರ ನೋಡಿ ದಂಗಾದೆ. ಎದುರಿಗೆ ‘ರೀ’ ಅನ್ನುವವಳು ‘ಹೊಡೆದ’ ಅಂತ ಬರೆದಿದ್ದೆ! ಪೇಪರಿನಲ್ಲಿ ಯಾರದೋ ಸುದ್ದಿ ಓದಿದಂತೆ ‘ಅಯ್ಯೋ ಪಾಪ’ ಅನ್ನಿಸಿತು. ಆ ಪಾಪದ ಹೆಂಗಸು ನಾನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ದಿನಾ ಬರೆದೆ, ಅಳಿಸಿದೆ. ಎದೆ ಹಗುರಾಗುತ್ತಿತ್ತು. ಧೈರ್ಯವೇನಲ್ಲ, ಯಾರೂ ಓದಲಾರರೆಂಬ ನಂಬಿಕೆ: ಗಂಡ ಕಲಿತದ್ದು ತೆಲುಗು ಮೀಡಿಯಂ, ಅತ್ತೆಗೆ ಓದೇ ಬರದು. ಕನ್ನಡ, ತೆಲುಗು ಲಿಪಿಗಳು ಒಂದೇ ಮನೆಯ ಮಕ್ಕಳಂತಿವೆ ಎಂಬುದು, ಹಗ್ಗ ಕಂಡರೂ ಹೆದರುವ ಈ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ಅಳಿಸುವುದು ಮರೆತೆ. ಹೊಲಿಯಲೆಂದು ತುಂಡು ಎತ್ತಿಕೊಂಡ ಗಂಡ ನಿಂತುಬಿಟ್ಟರು. ಒಂದನೇ ಕ್ಲಾಸಿನ ಹುಡುಗನಂತೆ ಅಕ್ಷರ ಕೂಡಿಸಿ ಜೋರಾಗಿ ಓದತೊಡಗಿದರು: “ಇ... ವತ್ತೂ... ಹೊ... ಡೆ... ದ.” ತಾವು ಏನು ಓದಿದೆವೆಂಬುದು ಓದಿ ಮುಗಿದ ಮೇಲೆ ಅವರಿಗೆ ತಿಳಿಯಿತು.

“ಅಳಸು ಅದನ್ನ.”

“ಅಳ್ಸಲ್ಲ ರೀ.”

ಹೇಳಿದ್ದು ನಾನೇ. ಅವರಿಗಿಂತ ನನಗೇ ಹೆಚ್ಚು ಗಾಬರಿಯಾಯಿತು.

ಅವರ ಕೈ ಮೇಲೆದ್ದಿತು. ಮೂಲೆಯಲ್ಲಿ ಕೂತು ಹೊಲಿಗೆಯ ದಾರ ಕತ್ತರಿಸುತ್ತಿದ್ದ ಅತ್ತೆ, ಇಂಥ ಹೊತ್ತಿನಲ್ಲಿ ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದ ಅದೇ ಅತ್ತೆ, ತಲೆ ಎತ್ತದೆ ಅಂದರು: “ಮುಂದ ಏನ್ ಬರದಾಳ, ಓದಪ್ಪ. ನಾನೂ ಕೇಳ್ತೀನಿ.”

ಕೈ ಅಲ್ಲೇ ನಿಂತಿತು. ಅವರು ಓದಲಿಲ್ಲ, ಹೊಡೆಯಲೂ ಇಲ್ಲ. ಅತ್ತೆ ಮುಂದಿನ ದಾರ ಕತ್ತರಿಸಿದರು.

ಮರುದಿನ ತವರಿನ ಬಸ್ಸು ಹತ್ತಿದೆ, ಅತ್ತೆ ತಡೆಯಲಿಲ್ಲ. ಈಗ ಮಡಕಶಿರಾದಲ್ಲಿ ರವಿಕೆ ಹೊಲಿಯುತ್ತೇನೆ, ಗಿರಾಕಿಗಳು ಬರುವ ಮುಂಚೆ ಕೂತು ಆ ದಿನಗಳನ್ನು ಬರೆಯುತ್ತೇನೆ. ‘ಹೊಡೆದ’ ಎಂದು ಬರೆದಾಗೆಲ್ಲ ಇವತ್ತಿಗೂ ಬೆಚ್ಚುತ್ತೇನೆ. ಬೆಚ್ಚುತ್ತಲೇ ಮುಂದಿನ ಸಾಲಿಗೆ ಹೋಗುತ್ತೇನೆ, ಪೆನ್ನಿನಲ್ಲಿ, ಅಳಿಸಲು ಬಾರದ ಹಾಗೆ.